ಇಳಿಜಾರು ಅಂಗಳಕ್ಕೆ ದುಂಡು ಕಲ್ಲು: ಒಂದು ಸ್ಪಷ್ಟನೆ

ಬೆಳಗಾವಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಇಳಿಜಾರು ಅಂಗಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಬಿಳಿ ದುಂಡು ಕಲ್ಲು ಸುರಿಯಿರಿ. ಮಣ್ಣು ಕೊಚ್ಚಿ ಹೋಗಲ್ಲ, ಕಳೆ ಬರೋದೇ ಇಲ್ಲ." ಎರಡೂ ಮಾತು ತಪ್ಪು.

ಪ್ಲಾಸ್ಟಿಕ್ ಹಾಳೆಯೇ ದೊಡ್ಡ ಎಡವಟ್ಟು. ನೀರು ಇಂಗಲು ದಾರಿಯೇ ಇರಲ್ಲ. ನಮ್ಮ ಜುಲೈ ಮಳೆ ಗೊತ್ತಲ್ವಾ? ಹಾಳೆಯ ಮೇಲೆ ರಭಸವಾಗಿ ಹರಿದು ಕಲ್ಲನ್ನೂ ಎಳೆದುಕೊಂಡು ಹೋಗುತ್ತದೆ. ಹಾಳೆ ಮುಗಿಯುವ ಅಂಚಿನಲ್ಲಿ ಕೆಂಪು ಮಣ್ಣು ಕೊರೆದು ಕೊರಕಲು ಬೀಳುತ್ತದೆ. ಹಾಸಬೇಕಾದದ್ದು ನೀರು ಇಳಿಯಲು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ.

ಇನ್ನು ದುಂಡು ಕಲ್ಲು. ನೋಡಲು ಚೆಂದ, ಹಿಡಿತ ಮಾತ್ರ ಇಲ್ಲ. ಉರುಳುರುಳಿ ಬಂದು ಗೇಟಿನ ಹತ್ತಿರ ಗುಡ್ಡೆ ಬೀಳುತ್ತವೆ. ಕ್ರಷರ್‌ನಲ್ಲಿ ಒಡೆದ ಖಡಿಯ ಮೂಲೆಗಳು ಚೂಪು, ತುಳಿದಷ್ಟೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. 20 ಎಂಎಂ ಖಡಿ, 2ರಿಂದ 3 ಇಂಚು ದಪ್ಪ ಸಾಕು. ಇಳಿಜಾರು ಜಾಸ್ತಿ ಇದ್ದರೆ ಅದೂ ನಿಲ್ಲಲ್ಲ. ಅಲ್ಲಿ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಮಾಡಿ, ಪ್ರತಿ ಅಂಚಿಗೂ ದೊಡ್ಡ ಕಲ್ಲು ಅರ್ಧ ಹೂತು ನಿಲ್ಲಿಸಬೇಕು. ಸುಮ್ನೆ ಮೇಲಿಟ್ಟರೆ ಆಗಲ್ಲ.

ಬಟ್ಟೆ ಹಾಸಿದರೂ ಕಳೆ ಬರುತ್ತದೆ, ಕಡಿಮೆ ಅಷ್ಟೇ. ಸಂದಿಯಲ್ಲಿ ಧೂಳು, ಒಣ ಎಲೆ ಕೂತರೆ ಗಾಳಿಗೆ ಬಂದ ಬೀಜಕ್ಕೆ ಇನ್ನೇನು ಬೇಕು! ಆಗಾಗ ಕೀಳಲೇಬೇಕು.

ತೀರಾ ಕಡಿದಾದ ಜಾಗಕ್ಕೆ ಯಾವ ಕಲ್ಲೂ ಬೇಡ, ಲಾವಂಚ ನೆಡಿ. ಅದರ ಬೇರು ನೇರ ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ.