ಗಟ್ಟಿಯಾಗಿ ಓದಿದ ಚೀಟಿ

ನಮ್ಮ ಮನೆಯ ಸಾಮಾನಿನ ಚೀಟಿ ಕನ್ನಡದಲ್ಲಿರುತ್ತದೆ, ಅಂಗಡಿಯಿಂದ ಬರುವ ಬಿಲ್ಲು ಇಂಗ್ಲಿಷಿನಲ್ಲಿರುತ್ತದೆ, ಇವೆರಡರ ನಡುವಿನ ಮಾತುಕತೆ ಅರ್ಧ ಮಲಯಾಳದಲ್ಲಿಯೂ ಅರ್ಧ ತುಳುವಿನಲ್ಲಿಯೂ ನಡೆಯುತ್ತದೆ. ಬದಿಯಡ್ಕದ ಆಸುಪಾಸಿನಲ್ಲಿ ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. 1956ರ ನವೆಂಬರಿನಲ್ಲಿ ರಾಜ್ಯಗಳ ಗಡಿ ಗುರುತಿಸಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದವರು ಇಲ್ಲಿನ ಅಡುಗೆಮನೆಗಳ ಜೀರಿಗೆ ಡಬ್ಬದ ಬಗ್ಗೆ ಯೋಚಿಸಿರಲಾರರು. ಆದರೂ ಆ ಗಡಿಯ ದೆಸೆಯಿಂದ ನಮ್ಮ ತಿಂಗಳ ಖರ್ಚಿನಲ್ಲಿ ಸುಮಾರು 1,300 ರೂಪಾಯಿ ಉಳಿಯಿತೆಂದರೆ ನಂಬುವುದು ತುಸು ಕಷ್ಟವೇ.

ನಾವು ಇಪ್ಪತ್ತು ವರ್ಷಗಳಿಂದ ಸಾಮಾನು ತರುವ ಅಂಗಡಿಯ ಧನಿಗಳು ಕನ್ನಡ ಶಾಲೆಯಲ್ಲಿ ಓದಿದವರು. ಚೀಟಿಯನ್ನು ಅವರ ಕೈಗೆ ಕೊಟ್ಟರೆ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ, ಒಂದೊಂದು ಸಾಮಾನಿನ ಎದುರು ಪೆನ್ಸಿಲಿನಿಂದ ಗೆರೆ ಹಾಕುತ್ತ, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಕಟ್ಟಿಸಿ ಇಡುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನಮ್ಮವರಿಗೆ, ಎಂದರೆ ನನ್ನ ಯಜಮಾನರಿಗೆ, ಬೇರೆ ಕೆಲಸವಿರುತ್ತಿರಲಿಲ್ಲ. ಅಂಗಡಿಯ ಸಾಲು ಕಪಾಟುಗಳ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ಒಮ್ಮೆ ತಿರುಗುವರು; ಎರಡನೆಯ ಸುತ್ತಿನಲ್ಲಿ ಕೈ ಮುಂದಕ್ಕೆ ಬರುತ್ತಿತ್ತು. ಧನಿಗಳಿಗೆ ಮೊಣಕಾಲಿನ ನೋವು ಹೆಚ್ಚಾದ ಮೇಲೆ ಗಲ್ಲಾ ಪೆಟ್ಟಿಗೆಯ ಹಿಂದೆ ಅವರ ಮಗ ಕುಳಿತ. ಮಲಯಾಳ ಮಾಧ್ಯಮದಲ್ಲಿ ಓದಿದ ಹುಡುಗ, ಕನ್ನಡ ಮಾತು ಬಲ್ಲ, ಅಕ್ಷರ ಬಾರದು. ಚೀಟಿಯನ್ನು ಒಮ್ಮೆ ನೆಟ್ಟಗೂ ಒಮ್ಮೆ ತಲೆಕೆಳಗಾಗಿಯೂ ಹಿಡಿದು ನೋಡಿ, ಮರಳಿ ನನ್ನ ಕೈಗೇ ಕೊಟ್ಟು, “ಟೀಚರೇ, ನೀವೇ ಓದಿ ಹೇಳಿ, ನಾನು ತೆಗೆದಿಡುತ್ತೇನೆ” ಎಂದ.

ಮೂವತ್ತು ವರ್ಷ ತರಗತಿಯಲ್ಲಿ ಪಾಠ ಓದಿದವಳಿಗೆ ಒಂದು ಚೀಟಿ ಓದುವುದು ಹೆಚ್ಚಲ್ಲ ಎಂದುಕೊಂಡು ಆರಂಭಿಸಿದೆ. ನನ್ನ ಬೆನ್ನಿಗೆ ಐದಾರು ಮಂದಿ ನಿಂತಿದ್ದರು. ಕುಚ್ಚಿಲಕ್ಕಿ, ಉದ್ದು, ತೊಗರಿಬೇಳೆ ಎನ್ನುವವರೆಗೆ ಸ್ವರ ಗಟ್ಟಿಯಾಗಿತ್ತು. “ಕೊತ್ತಂಬರಿ” ಎಂದಾಗ ಅವನು “ಮಲ್ಲಿಯಲ್ಲವೇ?” ಎಂದು ಖಾತ್ರಿ ಮಾಡಿಕೊಂಡ, ಮೆಂತ್ಯ ಎಂದರೆ ಉಲುವ, ಇಂಗು ಎಂದರೆ ಕಾಯಂ ಎಂಬ ಸಣ್ಣ ಭಾಷಾಂತರಗಳೂ ನಡೆದವು. ಜೀರಿಗೆ ಬಂದಾಗ ಅವನ ಕೈ ನಿಂತಿತು. “ಜೀರಿಗೆ ಹೋದ ವಾರ ಸರ್ ಕೊಂಡುಹೋಗಿದ್ದರಲ್ಲ ಟೀಚರೇ? ಅದರ ಹಿಂದಿನ ವಾರವೂ?” ಹಿಂದೆ ನಿಂತವರಲ್ಲಿ ಯಾರೋ ಮೆಲ್ಲನೆ ನಕ್ಕರು. ಮುಂದೆ ಇನ್ನೂ ಎರಡು ಬಗೆಯ ಬಿಸ್ಕತ್ತು, ಎರಡು ಮಿಕ್ಸ್ಚರ್ ಪೊಟ್ಟಣ, ಮಗಳು ಸೇರಿಸಿದ ನೂಡಲ್ಸು ಇದ್ದವು. ಬರೆಯುವಾಗ ಇಲ್ಲದ ನಾಚಿಕೆ ಓದುವಾಗ ಎಲ್ಲಿಂದ ಬಂತೋ ತಿಳಿಯದು. ಆ ಮೂರು ಸಾಲುಗಳನ್ನು ನುಂಗಿ, ಬೆಂಕಿಪೆಟ್ಟಿಗೆಗೆ ಹಾರಿದೆ.

ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಡಬ್ಬಗಳ ಅಟ್ಟಣಿಗೆಯನ್ನು ಪೂರ್ತಿ ಕೆಳಗಿಳಿಸಿದ್ದು. ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಒಂದೊಂದನ್ನಾಗಿ ಇಟ್ಟಾಗ, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿದ, ಅರ್ಧ ಖಾಲಿಯಾದ ಜೀರಿಗೆಯ ಪೊಟ್ಟಣಗಳು ನಾಲ್ಕು ಸಿಕ್ಕಿದವು. ಸಾಸಿವೆ ಮೂರು ಕಡೆ ಇತ್ತು. ಹೆಸರುಬೇಳೆಯ ಡಬ್ಬದ ಮುಚ್ಚಳ ತೆಗೆದೊಡನೆ ಕುಟ್ಟೆಹುಳಗಳು ನಮ್ಮನ್ನೇ ಅತಿಥಿಗಳೆಂಬಂತೆ ನೋಡಿದವು. ಎರಡು ಮದುವೆಗಳ ಹಿಂದೆ ಪಾಯಸಕ್ಕೆಂದು ತಂದ ಶ್ಯಾವಿಗೆ, ಯಾವ ಕಾಯಿಲೆಗೆಂದು ತಂದದ್ದೋ ನೆನಪಿಲ್ಲದ ಓಮ, ಗಟ್ಟಿಕಟ್ಟಿ ಕಲ್ಲಾದ ಬೆಲ್ಲದ ಪುಡಿ, ಇವೆಲ್ಲವೂ ಹಣ ಕೊಟ್ಟು ತಂದವು. ಹೊಸ ಪೊಟ್ಟಣವು ಹಳೆಯದರ ಮುಂದೆ ನಿಲ್ಲುತ್ತದೆ, ಹಳೆಯದು ಕತ್ತಲೆಗೆ ಸರಿಯುತ್ತದೆ, ಕಣ್ಣಿಗೆ ಕಾಣದ್ದು ಮುಗಿದಿದೆ ಎಂದು ಚೀಟಿಯಲ್ಲಿ ಮತ್ತೆ ಬರೆಯಲ್ಪಡುತ್ತದೆ: ನಮ್ಮ ಖರ್ಚಿನ ಒಂದು ಪಾಲು ಈ ಚಕ್ರದಲ್ಲಿಯೇ ಸುತ್ತುತ್ತಿತ್ತು.

ಆ ಭಾನುವಾರವೇ ಮೂರು ತಿಂಗಳ ಬಿಲ್ಲುಗಳನ್ನು ಹುಡುಕಿ ತೆಗೆದೆ. ಕೆಲವು ನಮ್ಮವರ ಅಂಗಿಯ ಕಿಸೆಯಲ್ಲಿ ಒಗೆಯಲ್ಪಟ್ಟು ಮುದ್ದೆಯಾಗಿದ್ದವು. ಅವನ್ನು ಬಿಟ್ಟರೂ ತಿಂಗಳಿಗೆ ಸರಾಸರಿ 9,350 ರೂಪಾಯಿ ಆಗುತ್ತಿತ್ತು. ನಾಲ್ಕು ಮಂದಿಯ ಮನೆಗೆ ಇದು ಹೆಚ್ಚೋ ಕಡಿಮೆಯೋ ಎಂಬುದು ಬೇರೆ ಚರ್ಚೆ. ನನಗೆ ಆಶ್ಚರ್ಯವಾದದ್ದು ಅದರ ಹಂಚಿಕೆ. ತಿಂಗಳ ಮೊದಲ ವಾರದ ದೊಡ್ಡ ಬಿಲ್ಲು ಐದೂವರೆ ಸಾವಿರದ ಆಚೀಚೆ, ಮೂರು ತಿಂಗಳೂ ಹೆಚ್ಚುಕಡಿಮೆ ಒಂದೇ. ಉಳಿದದ್ದೆಲ್ಲ ಹನ್ನೆರಡೋ ಹದಿನೈದೋ ಸಣ್ಣ ಬಿಲ್ಲುಗಳು. ಅವುಗಳ ಮೇಲಿನ ಗಂಟೆ ನೋಡಿದರೆ ಹೆಚ್ಚಿನವು ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯ ಒಳಗಿನವು. ಆ ಹೊತ್ತಿಗೆ ನಮ್ಮ ಮನೆಯಲ್ಲಿ “ಇವತ್ತು ಅಡುಗೆಗೆ ಎಂತ?” ಎಂಬ ಪ್ರಶ್ನೆ ಏಳುತ್ತದೆ. ಏಳು ಗಂಟೆಗೆ ಎದ್ದರೆ ಅದಕ್ಕೆ ತೋಟದಲ್ಲಿಯೇ ಉತ್ತರ ಸಿಗುತ್ತದೆ. ಹನ್ನೊಂದು ಗಂಟೆಗೆ ಎದ್ದ ಪ್ರಶ್ನೆ ಸ್ಕೂಟರ್ ಹತ್ತಿ ಪೇಟೆಗೆ ಹೋಗುತ್ತದೆ, ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿನ ಜತೆ ಇನ್ನೂರ ಎಂಬತ್ತು ರೂಪಾಯಿಯ ಇತರ ಸಾಮಾನುಗಳನ್ನು ತರುತ್ತದೆ.

ಹಾಗಾಗಿ ಪ್ರಶ್ನೆಯನ್ನು ಮುಂಚಿತವಾಗಿಯೇ ಬಗೆಹರಿಸುವುದೆಂದು ನಿಶ್ಚಯಿಸಿ, ಶಾಲೆಯ ವೇಳಾಪಟ್ಟಿಯ ಮಾದರಿಯಲ್ಲಿ ಏಳು ದಿನಗಳ ಅಡುಗೆಯ ಪಟ್ಟಿ ಬರೆದು ಫ್ರಿಡ್ಜಿಗೆ ಅಂಟಿಸಿದೆ. ಸೋಮವಾರ ಸೌತೆಕಾಯಿ ಕೊದಿಲು (ಸಾಂಬಾರು), ಮಂಗಳವಾರ ಬಸಳೆ ಬೆಂದಿ, ಬುಧವಾರ ಬದನೆ, ಹೀಗೆ. ಅತ್ತೆಯವರು ಅದನ್ನು ನನ್ನಿಂದ ಓದಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುಧವಾರ ಕಾಯಿ ಬಿಡಬೇಕೆಂದು ಬದನೆಗಿಡಕ್ಕೆ ಹೇಳಿದ್ದೀಯಾ ಮಾರಾಯ್ತಿ?” ಎಂದು ಕೇಳಿದರು. ಪಟ್ಟಿ ಎರಡನೆಯ ವಾರವನ್ನು ಕಾಣಲಿಲ್ಲ. ಬುಧವಾರ ನೆರೆಮನೆಯಿಂದ ಹೊರೆ ಹರಿವೆ ಬಂತು, ಗುರುವಾರ ಅನಿರೀಕ್ಷಿತವಾಗಿ ಮೂವರು ನೆಂಟರು ಬಂದರು, ಶುಕ್ರವಾರದ ತೊಂಡೆಕಾಯಿ ಹಾಗೆಯೇ ಉಳಿದು ಶನಿವಾರ ಹಣ್ಣಾಗಿ ಕೆಂಪಗಾಯಿತು.

ಆಮೇಲೆ ಅತ್ತೆಯವರ ಕ್ರಮವನ್ನೇ ಗಮನಿಸಿದೆ. ಅವರು ವಾರಗಳ ಲೆಕ್ಕದಲ್ಲಿ ಯೋಚಿಸುವುದಿಲ್ಲ, ಯಾವುದು ಮೊದಲು ಹಾಳಾಗುತ್ತದೆ ಎಂಬ ಲೆಕ್ಕದಲ್ಲಿ ಯೋಚಿಸುತ್ತಾರೆ. ಹರಿವೆ, ಬಸಳೆ ತಂದ ದಿನವೇ. ಬೆಂಡೆ, ಅಲಸಂಡೆ ಅದರ ಮರುದಿನ. ತೊಂಡೆ, ಬಾಳೆಕಾಯಿ ವಾರದ ನಡುವೆ. ಸುವರ್ಣಗೆಡ್ಡೆ, ಚೀನಿಕಾಯಿ ಅವಸರವಿಲ್ಲದವು. ಬಾಳೆಯ ಹಗ್ಗದಲ್ಲಿ ಬಿಗಿದು ಮಾಡಿನ ಅಡಿಯಲ್ಲಿ ತೂಗಹಾಕಿದ ಮಂಗಳೂರು ಸೌತೆಯಂತೂ ಆಟಿ ತಿಂಗಳ ಮಳೆಗೂ ಜಗ್ಗದೆ ತಿಂಗಳುಗಟ್ಟಲೆ ಕಾಯುತ್ತದೆ. ಏನೂ ಇಲ್ಲದ ದಿನಕ್ಕೆ ಅಂಗಳದ ತಿಮರೆಯ (ಒಂದೆಲಗದ) ತಂಬುಳಿ, ಹಲಸಿನ ಬೇಳೆಯ ತಾಳು (ಪಲ್ಯ). ಈಗ ಫ್ರಿಡ್ಜಿನ ಮೇಲಿರುವ ಪಟ್ಟಿಯಲ್ಲಿ ದಿನಗಳ ಹೆಸರಿಲ್ಲ. ತರಕಾರಿಗಳನ್ನು ಅವುಗಳ ಆಯುಷ್ಯದ ಅನುಕ್ರಮದಲ್ಲಿ ಬರೆದಿದ್ದೇವೆ. ನೆರೆಮನೆಯ ಹರಿವೆ ಬಂದರೆ ಅದು ಮೇಲಿನ ಸಾಲಿಗೆ ಸೇರುತ್ತದೆ, ಉಳಿದವು ಒಂದು ಮೆಟ್ಟಿಲು ಕೆಳಗಿಳಿಯುತ್ತವೆ. ಘಟ್ಟದಲ್ಲಿ ಮಳೆ ಜೋರಾಗಿ ಅಲ್ಲಿಂದ ತರಕಾರಿ ಬರುವುದು ತಡವಾದಾಗಲೂ, 2023ರ ಜುಲೈಯಲ್ಲಿ ಆದಂತೆ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗಲೂ ಕೆಳಗಿನ ಸಾಲುಗಳೇ ಮನೆಯನ್ನು ನಡೆಸುತ್ತವೆ. ಹುಳಿಗೆ ಟೊಮೆಟೊವೇ ಆಗಬೇಕೆಂದು ಪುನರ್ಪುಳಿಯ ನಾಡಿನಲ್ಲಿ ಹಟ ಹಿಡಿಯುವುದು ನನ್ನ ಮಟ್ಟಿಗೆ ಸ್ವಲ್ಪ ಅತಿಯೇ.

ನಿಜವಾದ ಜಗಳ ನಡೆದದ್ದು ತೆಂಗಿನಕಾಯಿಯ ವಿಷಯದಲ್ಲಿ. ನಮ್ಮ ಹಿತ್ತಿಲಿನಲ್ಲಿ ಹನ್ನೆರಡು ತೆಂಗಿನ ಮರಗಳಿವೆ. ಆದ್ದರಿಂದ ಕಾಯಿಗೆ ಖರ್ಚಿಲ್ಲವೆಂಬುದು ಮನೆಯ ಶಾಸನ. ಕೊದಿಲಿಗೆ ಅರ್ಧ, ಮಜ್ಜಿಗೆಹುಳಿಯಂಥ ಮೇಲಾರಕ್ಕೆ ಅರ್ಧ, ಬೆಳಗ್ಗಿನ ದೋಸೆಯ ಚಟ್ನಿಗೆ ಹಿಂದಿನ ದಿನದ ಉಳಿಕೆ, ಹೀಗೆ ದಿನಕ್ಕೊಂದು ಕಾಯಿ ಸಲೀಸಾಗಿ ಹೋಗುತ್ತದೆ. 1916ರಲ್ಲಿಯೇ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಗಿ, ಈಗ ಸಿಪಿಸಿಆರ್‌ಐ ಎಂದು ಹೆಸರಾದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿರುವ ಕಾಸರಗೋಡು ನಮ್ಮದು. ಮರದ ಮೇಲಿನ ಕಾಯಿಗೆ ಅಲ್ಲಿ ನೂರು ವರ್ಷದ ಲೆಕ್ಕವಿದೆ. ತುರಿಮಣೆಯ ಮೇಲಿನ ಕಾಯಿಗೆ ನಮ್ಮಲ್ಲಿ ಒಂದು ದಿನದ ಲೆಕ್ಕವೂ ಇರಲಿಲ್ಲ. 2025ರಲ್ಲಿ ಸುಲಿದ ಕಾಯಿ ಕಿಲೋಗೆ 60 ರೂಪಾಯಿ ದಾಟಿದಾಗ ನಾನು ಖರ್ಚಿನ ಪುಸ್ತಕದಲ್ಲಿ ಹೊಸದೊಂದು ಸಾಲು ಬರೆದೆ: ಕಾಯಿ ಒಂದಕ್ಕೆ ಅರ್ಧ ಕಿಲೋ ಎಂದು ಹಿಡಿದರೆ 30 ರೂಪಾಯಿ, ತಿಂಗಳಿಗೆ 900. ನಮ್ಮವರು ಅದನ್ನು ನೋಡಿ, “ಮನೆಯ ಕಾಯಿಗೂ ಲೆಕ್ಕವೇ? ನಾಳೆ ಬಾವಿಯ ನೀರಿಗೂ ಬರೆಯುತ್ತೀಯಾ?” ಎಂದು ಕೆಣಕಿದರು. ಮಾರಿದ್ದರೆ ಬರುತ್ತಿದ್ದ ಹಣವೂ ಖರ್ಚೇ ಎಂದು ನಾನೂ, ಅನ್ನಕ್ಕೆ ಕಲಸಿಕೊಳ್ಳುವುದನ್ನು ಮಾರುವವರು ಯಾರು ಎಂದು ಅವರೂ ಎರಡು ದಿನ ವಾದಿಸಿದೆವು. ಕೊನೆಗೆ ಯಾರೂ ಗೆಲ್ಲಲಿಲ್ಲ. ಆದರೆ ಕೊದಿಲೂ ಮೇಲಾರವೂ ಒಂದೇ ದಿನ ಆಗುವುದು ತಾನಾಗಿ ನಿಂತಿತು.

ಅದೇ ವರ್ಷ ಪುಕ್ಕಟೆ ಎಂಬ ಮಾತಿನ ಮೇಲಿನ ನನ್ನ ನಂಬಿಕೆಯೂ ಕಡಿಮೆಯಾಯಿತು. ಮಳೆ ಹಿಡಿದ ಮೇಲೂ ಮರದಲ್ಲಿ ಉಳಿದಿದ್ದ ಎರಡು ಬಕ್ಕೆ ಹಲಸಿನಕಾಯಿಗಳನ್ನು ಸುಮ್ಮನೆ ಹಾಳುಮಾಡುವುದೇಕೆಂದು ಸೋಂಟೆ (ಚಿಪ್ಸ್) ಕರಿಯಲು ಹೊರಟೆವು. ಹಲಸಿನಕಾಯಿಗೆ ಕಾಸಿಲ್ಲ, ಕೊಯ್ದದ್ದು ನಮ್ಮವರೇ, ಸೊಳೆ ಬಿಡಿಸಿದ್ದು ನಾನೂ ಅತ್ತೆಯವರೂ. ಬಾಣಲೆಗೆ ಹೊಯ್ದ ತೆಂಗಿನೆಣ್ಣೆ ಮಾತ್ರ ಅಂಗಡಿಯದು. ಆ ಮಳೆಗಾಲದಲ್ಲಿ ಅದರ ಬೆಲೆ ಲೀಟರಿಗೆ 400 ರೂಪಾಯಿ ದಾಟಿತ್ತು. ಸೋಂಟೆ ಡಬ್ಬ ತುಂಬಿತು, ಎಣ್ಣೆಯ ಡಬ್ಬ ಬರಿದಾಯಿತು. ಅತ್ತೆಯವರು ಒಂದು ಮಾತೂ ಆಡದೆ ಮುಂದಿನ ಹಲಸಿನಕಾಯಿಯ ಸೊಳೆಗಳನ್ನೆಲ್ಲ ಭರಣಿಯಲ್ಲಿ ಉಪ್ಪಿಗೆ ಹಾಕಿದರು. ಉಪ್ಪಿನ ಸೊಳೆಗೆ ಬೇಕಾದದ್ದು ಒಂದು ಪೊಟ್ಟಣ ಕಲ್ಲುಪ್ಪು ಮಾತ್ರ. ಆಟಿಯಲ್ಲಿ ಅದನ್ನು ನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿ, ಹತ್ತಾರು ದಿನ ತಾಳೂ ರೊಟ್ಟಿಯೂ ಆಯಿತು. ಅದನ್ನೇ ರುಬ್ಬಿ ಎಣ್ಣೆಯಲ್ಲಿ ಕರಿಯುವ ಉಂಡ್ಲಕಾಳು ಮಾಡೋಣವೆಂದು ಮಗಳು ಕೇಳಿದಾಗ ಮೂವರೂ ಒಟ್ಟಿಗೆ ಎಣ್ಣೆಯ ಡಬ್ಬದ ಕಡೆಗೆ ನೋಡಿದೆವು.

ಅಂಗಡಿಗಳ ಸರದಿಯೂ ಬದಲಾಯಿತು. ಈಗ ಮೊದಲು ರೇಶನ್ ಅಂಗಡಿ, ಬಳಿಕ ಮಾವೇಲಿ ಸ್ಟೋರು, ಕೊನೆಯಲ್ಲಿ ನಮ್ಮ ಅಂಗಡಿ. 1974ರಲ್ಲಿ ಆರಂಭವಾದ, ಕೇರಳ ಸರಕಾರದ ನಾಗರಿಕ ಪೂರೈಕೆ ನಿಗಮವಾದ ಸಪ್ಲೈಕೋದ ಈ ಮಾವೇಲಿ ಮಳಿಗೆಗಳಲ್ಲಿ ಅಕ್ಕಿ, ಬೇಳೆಕಾಳು, ಸಕ್ಕರೆ, ಮೆಣಸು, ಕೊತ್ತಂಬರಿ, ತೆಂಗಿನೆಣ್ಣೆ ಮೊದಲಾದ 13 ಬಗೆಯ ಸಾಮಾನುಗಳನ್ನು ಕಾರ್ಡು ತೋರಿಸಿದವರಿಗೆ ರಿಯಾಯಿತಿ ದರದಲ್ಲಿ ಕೊಡುತ್ತಾರೆ. ದೀಪಾವಳಿಯಂದು ಅಂಗಳದಲ್ಲಿ ಹಾಲೆಮರದ ಕೊಂಬೆ ನೆಟ್ಟು ನಾವು ಬಲೀಂದ್ರನೆಂದು ಕೂಗಿ ಕರೆಯುವ ಅರಸನೇ ಮಲಯಾಳದಲ್ಲಿ ಮಾವೇಲಿ. ವರ್ಷಕ್ಕೊಮ್ಮೆ ಕರೆದರೆ ಬರುವವನು ತಿಂಗಳಿಗೊಮ್ಮೆ ಉದ್ದು, ತೊಗರಿ ಅಳೆದು ಕೊಡುತ್ತಾನೆಂದು ಅತ್ತೆಯವರಿಗೆ ಆ ಅಂಗಡಿಯ ಮೇಲೆ ವಿಶೇಷ ಗೌರವ. ನನ್ನ ಗೌರವಕ್ಕೆ ಕಾರಣ ಬೇರೆ. ಅಲ್ಲಿ ಇಷ್ಟೇ ಎಂಬ ಮಿತಿ ಇರುವುದರಿಂದ, ಮನೆಗೆ ಎಷ್ಟು ಬೇಕೆಂದು ಹೊರಡುವ ಮೊದಲೇ ತಿಳಿದಿರಬೇಕಾಗುತ್ತದೆ.

ಪೊಟ್ಟಣಗಳ ವಿಷಯದಲ್ಲಿ ಒಂದು ಮಾತು ಹೇಳದಿರಲಾರೆ. ದರ ಏರಿಸುವ ಬದಲು ತೂಕ ಇಳಿಸುವ ಜಾಣತನ ಈಗ ಎಲ್ಲೆಡೆ ಇದೆ. ಅದೇ ಬಣ್ಣ, ಅದೇ ಹತ್ತು ರೂಪಾಯಿ, ಒಳಗೆ ಮಾತ್ರ ಗಾಳಿ ಹೆಚ್ಚು. ಗ್ರಾಮಿಗೆ ಎಷ್ಟು ಬೆಲೆ ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ ಬಂದಿದೆಯಾದರೂ, ಆ ಅಂಕಿ ಇರುವೆಯ ಹೆಜ್ಜೆಯಷ್ಟು ಸಣ್ಣದು. ಮಗಳ ಫೋನಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದ ಮೇಲೆ ಜೀರಿಗೆ, ಸಾಸಿವೆಗಳನ್ನು ಬಿಡಿಯಾಗಿ ತೂಗಿಸಿ ತರುವ ಹಳೆಯ ಪದ್ಧತಿಗೆ ಮರಳಿದ್ದೇವೆ.

ಇಷ್ಟಾದ ಮೇಲೆ ತಿಂಗಳ ಖರ್ಚು ಎಂಟು ಸಾವಿರದ ಸುತ್ತ ಬಂದು ನಿಂತಿತು. ಗಟ್ಟಿಯಾಗಿ ಓದಬೇಕೆಂಬ ಅರಿವಿನಿಂದ ಚೀಟಿ ಬರೆಯುವಾಗಲೇ ಕೈ ಬಿಗಿಯಾಗುತ್ತಿತ್ತು. ಓದುವುದು ಮುಗಿಯುವವರೆಗೆ ಪಕ್ಕದಲ್ಲಿಯೇ ನಿಂತು ಚೀಲ ಹಿಡಿಯಬೇಕಾದ್ದರಿಂದ ನಮ್ಮವರ ಪ್ರದಕ್ಷಿಣೆಯೂ ನಿಂತಿತ್ತು.

ಮೊನ್ನೆ ಅಂಗಡಿಗೆ ಹೋದಾಗ ಹುಡುಗ ಚೀಟಿಯನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡ. ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತ “ಜೀ… ರಿ… ಗೆ” ಎಂದು ಓದಿ, ಮುಖವರಳಿಸಿ ನೋಡಿದ. ಇಷ್ಟು ತಿಂಗಳು ನಾನು ಓದಿದ್ದನ್ನು ಕೇಳುತ್ತ, ಚೀಟಿಗಳನ್ನು ಬಿಸಾಡದೆ ಇಟ್ಟುಕೊಂಡು, ರಾತ್ರಿ ಅಪ್ಪನ ಹತ್ತಿರ ಕುಳಿತು ಅಕ್ಷರ ಕಲಿತನಂತೆ. ನನ್ನ ಕೈಬರಹದ ಉದ್ದು, ಮೆಂತ್ಯ, ಬೆಲ್ಲಗಳಿಂದಲೇ ಒಬ್ಬನಿಗೆ ಕನ್ನಡ ಓದಲು ಬಂತೆಂದು ಗಂಟಲು ಕಟ್ಟಿತು. ಗಡಿಯ ಈಚೆ ಪಾಠ ಹೇಳಿದ ಯಾವ ಟೀಚರಿಗೂ ಹಾಗಾದೀತು. ಅವನು ಕೊತ್ತಂಬರಿಯ ಒತ್ತಕ್ಷರದ ಬಳಿ ತಡವರಿಸುತ್ತಿದ್ದುದನ್ನು ತಿದ್ದುತ್ತ ನಿಂತಿದ್ದರಿಂದ ಬೇರೆಲ್ಲಿಯೂ ಗಮನವಿರಲಿಲ್ಲ. ಮನೆಗೆ ಬಂದು ಬಿಲ್ಲು ಬಿಡಿಸಿದಾಗ, ಚೀಟಿಯಲ್ಲಿ ಇಲ್ಲದ ಎರಡು ಬಿಸ್ಕತ್ತಿನ ಪೊಟ್ಟಣಗಳೂ ಒಂದು ಮಿಕ್ಸ್ಚರೂ ಕೊನೆಯ ಸಾಲುಗಳಲ್ಲಿದ್ದವು. ನಮ್ಮವರು ಆಗಲೇ ಚಹಾಕ್ಕೆ ನೀರಿಟ್ಟಿದ್ದರು.