ಚಿತ್ರಪುಸ್ತಕದ ಮುಂದೆ ಅವ್ವ ಎಲ್ಲಿ ಕೂಡಬೇಕು?

ಕಲಬುರಗಿಯ ತವರುಮನೆಯಲ್ಲಿ ಗಲ್ಲಿಯ ಮಕ್ಕಳಿಗೆ ಚಿತ್ರಪುಸ್ತಕ ಓದುತ್ತ, ಮೂರನೆಯ ಪುಸ್ತಕದ ಕೊನೆಯ ಪುಟ ಮುಗಿಸಿ, ಕೌದಿಯ ಮೇಲೆ ಕುಳಿತಿದ್ದ ಹನ್ನೊಂದು ಮಕ್ಕಳ ಮುಖವನ್ನು ನೋಡುತ್ತಿದ್ದಾಗ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ತಾಯಿಯೊಬ್ಬಳು ಕೇಳಿದಳು: "ಎಲ್ಲಾ ಛಲೋ ಅದ ಅಕ್ಕಾ, ಆದ್ರ ಇದರಿಂದ ಎ ಬಿ ಸಿ ಡಿ ಯಾವಾಗ ಬರ್ತಾವ?" ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. ಮಗನ ಓದಿನ ಚಿಂತೆಯಷ್ಟೇ ಇತ್ತು. ಆದರೂ ಆ ಮಾತು ನನಗೆ ನಾಟಿತು. ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ ಮರಳುವಾಗ ಸೊಲ್ಲಾಪುರ ದಾಟಿದರೂ ಅದು ಮನಸ್ಸಿನಿಂದ ಹೋಗಲಿಲ್ಲ.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಹುಟ್ಟಿ ಬೆಳೆದವಳು. ಪುಣೆಗೆ ಬಂದು ಒಂಬತ್ತು ವರ್ಷಗಳಾದವು. ನಾವಿರುವ ಸೊಸೈಟಿಯಲ್ಲಿ ತಿಂಗಳಿಗೊಂದು ಶನಿವಾರ ಸಂಜೆ ಐದು ಗಂಟೆಗೆ ಎರಡರಿಂದ ಐದು ವರ್ಷದ ಮಕ್ಕಳೂ ಅವರ ತಾಯಂದಿರೂ ಸೇರುತ್ತೇವೆ. ಪ್ರತಿ ತಿಂಗಳು ಒಂದು ವಿಷಯ, ಆ ವಿಷಯಕ್ಕೆ ಹೊಂದುವ ಮೂರು ಚಿತ್ರಪುಸ್ತಕಗಳು, ಕೈಯಲ್ಲಿ ಹಿಡಿದು ನೋಡಲು ಒಂದೆರಡು ವಸ್ತುಗಳು, ಅಷ್ಟೇ. ಬೇಸಿಗೆಯಲ್ಲಿ ಮಾವು, ಜೂನ್‌ನಲ್ಲಿ ಮಳೆ; ಪಂಢರಪುರಕ್ಕೆ ಭಕ್ತರು ನಡೆದು ಒಯ್ಯುವ ಜ್ಞಾನೇಶ್ವರರ ಮತ್ತು ತುಕಾರಾಮರ ಪಾಲಖಿಗಳು ಪುಣೆಯಲ್ಲಿ ತಂಗುವ ದಿನಗಳಲ್ಲಿ ನಡಿಗೆ. ನಾಲ್ಕು ವರ್ಷಗಳಿಂದ ಇದು ನಡೆದಿದೆ. ಕಳೆದ ಎರಡು ವರ್ಷಗಳಿಂದ ನಡೆಸುವ ಜವಾಬ್ದಾರಿ ನನ್ನದು.

ಅಲ್ಲಿ ನಾವು ಕಟ್ಟುನಿಟ್ಟಾಗಿ ಪಾಲಿಸುವ ನಿಯಮ ಒಂದೇ. ಮಗು ತಾಯಿಯ ತೊಡೆಯ ಮೇಲೆ ಕೂಡಬೇಕು, ಇಲ್ಲವೆ ಮಗ್ಗುಲಲ್ಲಿ ಕೂಡಬೇಕು. ತಾಯಿಯೂ ಕೇಳಬೇಕು, ಕಲಿಸಬಾರದು. ಮೊದಮೊದಲು ಇದು ನನಗೂ ಕಷ್ಟವಾಗಿತ್ತು. ಆದರೆ ಒಂದು ಸಂಜೆ ಕಂಡದ್ದನ್ನು ನಾನು ಮರೆಯಲಾರೆ. ಕಚೇರಿಯಿಂದ ನೇರವಾಗಿ ಬಂದಿದ್ದ, ಕೊರಳಲ್ಲಿ ಇನ್ನೂ ಗುರುತಿನ ಚೀಟಿ ತೂಗುತ್ತಿದ್ದ ತಾಯಿಯೊಬ್ಬಳು ಮಗಳ ನೆತ್ತಿಯ ಮೇಲೆ ಗದ್ದವನ್ನಿಟ್ಟು, ಮರಿ ಆನೆ ಹಿಂಡಿನಿಂದ ತಪ್ಪಿಸಿಕೊಂಡ ಪುಟದಲ್ಲಿ ಉಸಿರು ಹಿಡಿದು ಕುಳಿತಿದ್ದಳು. ಮಗಳು ತಲೆಯೆತ್ತಿ ಒಮ್ಮೆ ತಾಯಿಯ ಮುಖ ನೋಡಿತು, ಮತ್ತೆ ಪುಟ ನೋಡಿತು. ಆನೆಮರಿಯ ದುಃಖ ಎಷ್ಟು ದೊಡ್ಡದೆಂಬುದನ್ನು ಆ ಮಗು ತಾಯಿಯ ಮುಖದಲ್ಲಿ ಅಳೆದುಕೊಂಡಿತು. ಇಂಥದ್ದು ನಮ್ಮೂರಿನಲ್ಲಿಯೂ ನಡೆಯಬೇಕು, ಅದೂ ಕನ್ನಡದಲ್ಲಿ ನಡೆಯಬೇಕು ಎಂಬ ಆಸೆ ಹುಟ್ಟಿದ್ದು ಅಂದೇ.

ಆಸೆಗೆ ತಕ್ಕ ಪುಸ್ತಕಗಳನ್ನು ಹುಡುಕುವ ಕಷ್ಟ ನನಗೆ ಹೊಸದಲ್ಲ. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನನ್ನ ಮೊದಲ ಮಗನಿಗೆ ಎರಡು ವರ್ಷ. ಮಕ್ಕಳಿಗಾಗಿ ಅಷ್ಟು ಬರೆದ ಎಚ್.ಎಸ್. ವೆಂಕಟೇಶಮೂರ್ತಿಯವರೇ ಅಧ್ಯಕ್ಷರಾಗಿದ್ದ ಸಮ್ಮೇಳನವದು. ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಪುಸ್ತಕ ಮಳಿಗೆಗಳನ್ನು ಸುತ್ತಿ ಎರಡು ಚೀಲ ತುಂಬಿಕೊಂಡು ಬಂದೆ. ಮನೆಯಲ್ಲಿ ಬಿಚ್ಚಿ ನೋಡಿದಾಗ ಅವನ ವಯಸ್ಸಿಗೆ ಒಪ್ಪುವಂಥವು ಮೂರೇ ಇದ್ದವು, ಉಳಿದವೆಲ್ಲ ಓದಲು ಬಲ್ಲ ಮಕ್ಕಳವು. ಈಗ ದಾರಿ ಸುಲಭವಾಗಿದೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಕನ್ನಡದಲ್ಲಿಯೂ ಚಿತ್ರಪುಸ್ತಕಗಳನ್ನು ಕೊಡುತ್ತದೆ. ಅದೇ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕಥೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ಮೂಲದವರ ಹೆಸರು ಹೇಳಿ ಮಾತುಗಳನ್ನು ನಮ್ಮ ಕಡೆಯ ಕನ್ನಡಕ್ಕೆ ಬದಲಿಸಿಕೊಳ್ಳಲೂಬಹುದು. ನಾನು ಮಾಡಿದ್ದು ಅದನ್ನೇ. ಅಜ್ಜಿಯನ್ನು ಆಯಿ ಮಾಡಿದೆ, ಗದ್ದೆಯನ್ನು ಹೊಲ ಮಾಡಿದೆ. ಚಿತ್ರವನ್ನು ಮಾತ್ರ ಬದಲಿಸಲಾಗಲಿಲ್ಲ. ನನಗೆ ಸಿಕ್ಕ ಪುಸ್ತಕಗಳಲ್ಲಿ ಹೊಲವೆಂದರೆ ನೀರು ನಿಂತ ಹಸಿರು ಗದ್ದೆ, ಅಂಚಿನಲ್ಲಿ ತೆಂಗಿನ ಮರ. ಎರೆಯ ಕಪ್ಪು, ಕಣ್ಣು ಹಾಯುವವರೆಗೂ ನಿಂತ ತೊಗರಿ, ಅದರಾಚೆ ಬಿಳಿಜೋಳ ಇವನ್ನು ಬರೆದವರು ಸಿಗಲಿಲ್ಲ. ದೇಶಕ್ಕೆ ಬೇಳೆ ಉಣಿಸುವ ಜಿಲ್ಲೆಯ ಮಗುವಿಗೆ ತನ್ನ ಹೊಲ ಪುಸ್ತಕದಲ್ಲಿ ಕಾಣುವುದಿಲ್ಲ ಎಂಬುದು ನನಗೆ ಇಂದಿಗೂ ಹೊಟ್ಟೆಯುರಿಸುವ ಸಂಗತಿ.

ಎಲ್ಲರೂ ಹೊಲಕ್ಕೆ ಹೋಗಿ ಪೂಜಿಸಿ ಉಣ್ಣುವ ಎಳ್ಳಮಾವಾಸ್ಯೆಗೆ ಐದು ದಿನ ಇದ್ದಾಗ ಊರಿಗೆ ಹೋದೆ, ಆದ್ದರಿಂದ ವಿಷಯ ಹೊಲ ಎಂದೇ ನಿಶ್ಚಯವಾಯಿತು. ಪಡಸಾಲೆಯ ಪರ್ಸಿಯ ಮೇಲೆ ಎರಡು ಕೌದಿ ಹಾಸಿದೆ. ಮುಟ್ಟಿ ನೋಡಲೆಂದು ಒಂದು ಮೊರದಲ್ಲಿ ಎರೆಮಣ್ಣು, ಒಂದು ಹಿಡಿ ತೊಗರಿ, ಒಂದು ಜೋಳದ ತೆನೆ, ಎತ್ತಿನ ಕೊರಳ ಹಳೆಯ ಗಂಟೆಯೊಂದನ್ನು ಇಟ್ಟೆ. ಅವ್ವ ಮಂಡಕ್ಕಿಯ ಸುಸಲಾ ಮಾಡಿದಳು. ಗಲ್ಲಿಯ ಒಂಬತ್ತು ತಾಯಂದಿರು ಬಂದರು, ಹೇಳಿದ ಹೊತ್ತಿಗೇ ಬಂದರು. ಬಂದವರು ಮಕ್ಕಳನ್ನು ಕೌದಿಯ ಮೇಲೆ ಕೂಡಿಸಿ, ತಲೆಗೂದಲು ಸರಿಪಡಿಸಿ, "ಅಕ್ಕ ಹೇಳಿದ್ದ ಕೇಳು, ಗಪ್ ಕೂಡು" ಎಂದು ಎದ್ದು ಹೋದರು. ಇಬ್ಬರು ಬಾಗಿಲಲ್ಲಿ ನಿಂತರು, ಮೂವರು ಗೋಡೆಗೆ ಆನಿಸಿ ಕುಳಿತರು, ಉಳಿದವರು ಅವ್ವನ ಕೈಗೆ ಆಸರೆಯಾಗಲು ಅಡುಗೆಮನೆಗೆ ನಡೆದರು. ಕೌದಿಯ ಮೇಲೆ ಬರ್ರಿ ಎಂದು ಎಷ್ಟು ಕರೆದರೂ "ನಾವ್ಯಾಕ್ರಿ ಅಕ್ಕಾ, ಹುಡುಗ್ರು ಕಲೀಲಿ" ಎಂಬುದೊಂದೇ ಉತ್ತರ.

ಮಾರ್ಗಶಿರದ ಆ ಸಂಜೆ ನಾನು ಕಂಡ ಅಂತರವೆಲ್ಲ ಈ ಕೂಡುವ ಜಾಗದಲ್ಲಿಯೇ ಇದೆ ಎಂದು ನನ್ನ ನಂಬಿಕೆ. ನಮ್ಮಲ್ಲಿ ಪುಸ್ತಕ ಶಾಲೆಯ ಸೊತ್ತು. ಅದು ಮನೆಗೆ ಬಂದರೂ ಮಾಸ್ತರರ ಮುಖ ಹೊತ್ತುಕೊಂಡೇ ಬರುತ್ತದೆ, ತಾಯಿ ಅದರ ಮುಂದೆ ಪರೀಕ್ಷೆ ತೆಗೆದುಕೊಳ್ಳುವವಳಾಗುತ್ತಾಳೆ. ಗೋಡೆಗೆ ಆನಿಸಿ ಕುಳಿತಿದ್ದ ಒಬ್ಬಾಕೆ ನಡುವೆ ಎದ್ದು ಬಂದು, ಮೂರೂವರೆ ವರ್ಷದ ಮಗನ ಬೆರಳನ್ನು ಹಿಡಿದು ಎತ್ತಿನ ಚಿತ್ರದ ಮೇಲೆ ಒತ್ತಿ, "ಇದಕ್ಕ ಇಂಗ್ಲಿಷ್‌ದಾಗ ಏನಂತಾರ, ಹೇಳು" ಎಂದಳು. ಆ ಹುಡುಗ ಅದುವರೆಗೆ ಎತ್ತಿನ ಕೊರಳಲ್ಲಿದ್ದ ಗಂಟೆಯನ್ನು ನೋಡುತ್ತಿದ್ದ. ನೋಡಿ, ಮೊರದಲ್ಲಿದ್ದ ನಿಜವಾದ ಗಂಟೆಯ ಕಡೆಗೆ ಕೈ ಚಾಚಲಿದ್ದ. ಪ್ರಶ್ನೆ ಕೇಳಿದೊಡನೆ ಬೆರಳನ್ನು ಮಡಚಿ ಅಂಗಿಯೊಳಗೆ ಸೇರಿಸಿಕೊಂಡ. ಮುಂದಿನ ಐದಾರು ಪುಟಗಳಲ್ಲಿ ಅವನು ಏನನ್ನೂ ತೋರಿಸಲಿಲ್ಲ.

ಒಳ್ಳೆಯ ಚಿತ್ರಪುಸ್ತಕದಲ್ಲಿ ಮಾತು ಅರ್ಧ ಹೇಳುತ್ತದೆ, ಉಳಿದರ್ಧವನ್ನು ಚಿತ್ರಕ್ಕೆ ಬಿಡುತ್ತದೆ. ಅಜ್ಜ ತನ್ನ ರುಮಾಲನ್ನು ಎಲ್ಲ ಕಡೆ ಹುಡುಕಿದ ಎಂದು ಮಾತು ಹೇಳುತ್ತಿದ್ದರೆ, ಮೇಕೆ ಅದರ ಸೆರಗನ್ನು ಅಗಿಯುತ್ತಿರುವುದು ಪುಟದ ಮೂಲೆಯಲ್ಲಿರುತ್ತದೆ. ಅಕ್ಷರ ಬಲ್ಲ ತಾಯಿಯ ಕಣ್ಣು ಸಾಲಿನ ಮೇಲೆ ಓಡುತ್ತದೆ, ಅಕ್ಷರ ಬಾರದ ಮಗುವಿನ ಕಣ್ಣು ಮೊದಲು ಮೇಕೆಯ ಮೇಲೆ ಬೀಳುತ್ತದೆ. ತಾಯಿಗಿಂತ ಮೊದಲೇ ತಾನು ಕಂಡೆನೆಂಬ ಹಿಗ್ಗು ಮಗುವಿಗೆ ಸಿಗಬೇಕಾದರೆ ತಾಯಿ ಪಕ್ಕದಲ್ಲಿ ಇರಬೇಕು, ಕಂಡುಹಿಡಿಯಲು ತಡಮಾಡಬೇಕು, ಪುಟ ತಿರುವುವ ಮುನ್ನ ಕಾಯಬೇಕು. ಬಾಗಿಲಲ್ಲಿ ನಿಂತವಳಿಗೆ ಇದು ಸಾಧ್ಯವಾಗುವುದಿಲ್ಲ. ಅಕ್ಷರ ಬರುವುದು ಇದಾದ ಮೇಲೆ, ಬೇಕಾದ ಹೊತ್ತಿಗೆ, ಕರೆಯದೆಯೂ ಬರುತ್ತದೆ ಎಂದು ನನ್ನ ಇಬ್ಬರು ಮಕ್ಕಳನ್ನು ನೋಡಿ ಹೇಳಬಲ್ಲೆ.

ಎರಡನೆಯ ಪುಸ್ತಕದ ನಡುವೆ ಗಲ್ಲಿಯ ಆ ತುದಿಯಿಂದ "ನಳ ಬಂದಾವ್ರೀ" ಎಂಬ ಕೂಗು ಕೇಳಿತು. ಒಂಬತ್ತರಲ್ಲಿ ಏಳು ಮಂದಿ ಒಂದೇ ಉಸಿರಿಗೆ ಎದ್ದು ಹೋದರು. ಕೊಡ, ಬಕೀಟು, ಪೈಪುಗಳ ಸಪ್ಪಳದಲ್ಲಿ ನನ್ನ ಓದು ಮುಳುಗಿತು. ಅವ್ವನೂ ಹೋದಳು. ನನಗೆ ಸಿಟ್ಟು ಬಂತು. ನಲವತ್ತು ನಿಮಿಷವಾದರೂ ಮಕ್ಕಳಿಗಾಗಿ ಕೂಡಲಾರದ ಊರು ಇದು ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ. ಪುಣೆಯ ಹನ್ನೊಂದನೆಯ ಮಹಡಿಯ ನನ್ನ ಮನೆಯಲ್ಲಿ ತಿರುವಿದಾಗಲೆಲ್ಲ ನೀರು ಬರುತ್ತದೆ, ಅದಕ್ಕಾಗಿ ಯಾರೂ ನನ್ನನ್ನು ಓದಿನ ನಡುವೆ ಎಬ್ಬಿಸುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಹೊಳೆದದ್ದು ಊರು ಬಿಟ್ಟ ಮೇಲೆ. ನಾಲ್ಕೈದು ದಿನಕ್ಕೊಮ್ಮೆ ಬರುವ ನೀರನ್ನು ಬಿಟ್ಟು ಕಥೆ ಕೇಳುತ್ತ ಕೂಡಲು ಯಾವ ತಾಯಿಗೂ ಆಗದು. ಅಂಥ ಗಲ್ಲಿಯಲ್ಲಿ ಬೆಳೆದ ನಾನು ಮೊದಲು ಕೇಳಬೇಕಾದದ್ದು ನಳದ ದಿನವನ್ನು.

ಒಪ್ಪಿಕೊಳ್ಳಬೇಕಾದದ್ದು ಇನ್ನೂ ಇದೆ. ತಾಯಂದಿರು ಎದ್ದು ಹೋದ ಮೇಲೆ ಖಾಲಿಯಾದ ಜಾಗಕ್ಕೆ ಎದುರು ಮನೆಯ ಆಯಿ ಬಂದು ಕುಳಿತಳು. ಎಪ್ಪತ್ತು ದಾಟಿದ, ಓದು ಬರೆಹ ಅರಿಯದ ಜೀವ. ಎತ್ತುಗಳನ್ನು ಹೂಡಿದ ಪುಟ ಬಂದಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, "ನೊಗಕ್ಕ ಜತ್ತಗಿನೇ ಬರ್ದಿಲ್ಲಲ್ಲವ್ವ, ಎತ್ತ ಹೆಂಗ ನಿಂದ್ರತಾವ?" ಎಂದಳು. ಮಕ್ಕಳು ಮುಗಿಬಿದ್ದರು. ಜತ್ತಗಿ ಎಂದರೇನು, ಎಲ್ಲಿರಬೇಕಿತ್ತು, ಮುಂದಿನ ಪುಟದಲ್ಲಾದರೂ ಇದೆಯೇ? ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಆ ಪಟ್ಟಿಯನ್ನು ಆಯಿ ತನ್ನ ಸೆರಗನ್ನೇ ಕೊರಳಿಗೆ ಸುತ್ತಿ ತೋರಿಸಿದಳು. ಪುಟದಲ್ಲಿ ಇಲ್ಲದ್ದನ್ನು ಹುಡುಕುವ ಆ ಹುಡುಕಾಟ ಹತ್ತು ನಿಮಿಷ ನಡೆಯಿತು, ಬೆರಳನ್ನು ಅಂಗಿಯೊಳಗೆ ಅಡಗಿಸಿದ್ದ ಹುಡುಗನೂ ಬೆರಳನ್ನು ಹೊರತೆಗೆದ. ನಾಲ್ಕು ವರ್ಷಗಳಲ್ಲಿ ಪುಣೆಯ ನಮ್ಮ ಕೂಟಕ್ಕೆ ಒಬ್ಬ ಅಜ್ಜಿಯನ್ನೂ ನಾವು ಕರೆದಿರಲಿಲ್ಲ.

ನನ್ನ ನಾಲ್ಕು ವರ್ಷದ ಮಗಳು ಎತ್ತನ್ನು ಕಂಡು "ಬೈಲ್" ಎಂದಾಗ ನಾನು ನಾಚಿ ಅವಳ ಕಿವಿಯಲ್ಲಿ ಎತ್ತು ಎಂದು ಹೇಳಿಕೊಟ್ಟಿದ್ದೆ. ಅಷ್ಟರಲ್ಲಿ ಪಕ್ಕದ ಗಲ್ಲಿಯಿಂದ ಯಾರೂ ಕರೆಯದೆ ಬಂದು ಕುಳಿತಿದ್ದ, ಮನೆಯಲ್ಲಿ ದಖನಿ ಉರ್ದು ಆಡುವ ಹುಡುಗ "ಬೈಲ್! ಬೈಲ್!" ಎಂದು ಚಪ್ಪಾಳೆ ತಟ್ಟಿದ. ಅವಳ ಮರಾಠಿ ಅವನ ದಖನಿಗೆ ನೇರವಾಗಿ ತಿಳಿಯಿತು, ಇಬ್ಬರೂ ಸೇರಿ ಉಳಿದವರಿಂದ ಎತ್ತು ಎಂಬ ಮಾತನ್ನು ಕಲಿತರು. ಪುಣೆಯಲ್ಲಿ ಕರೆಯದೆ ಬಂದು ಕೂಡುವ ಮಗು ಇಲ್ಲ. ಅಲ್ಲಿ ತಿಂಗಳಿಗೆ 300 ರೂಪಾಯಿ ಕೊಟ್ಟವರ ಮಕ್ಕಳು ಮಾತ್ರ ಬರುತ್ತಾರೆ. ನಮ್ಮ ಮನೆಗೆಲಸದಾಕೆಯ ಮಗಳು ಅದೇ ವಯಸ್ಸಿನವಳು, ಒಂದು ಶನಿವಾರವೂ ಒಳಗೆ ಬಂದಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವಳನ್ನು ಕರೆಯುವ ಮಾತನ್ನು ನಾನೂ ಆಡಿರಲಿಲ್ಲ. ಈ ತಿಂಗಳಿನ ಸಭೆಯಲ್ಲಿ ಆಡಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಒಪ್ಪಿಕೊಂಡರೂ ತಾಯಿ ಕೌದಿಯ ಮೇಲೆ ಬಂದು ಕೂಡಬೇಕು ಎಂಬ ಮಾತನ್ನು ನಾನು ಬಿಡಲಾರೆ. ಆಯಿಗೆ ಇದ್ದ ಬಿಡುವು, ಆಯಿಗೆ ಇದ್ದ ಧೈರ್ಯ ಇಪ್ಪತ್ತೈದರ ತಾಯಿಗೂ ಬೇಕು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಅದೇ ತಾಯಂದಿರು ಮಕ್ಕಳನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ಭಜ್ಜಿ ರೊಟ್ಟಿ ಉಣ್ಣುವುದನ್ನು, ಬೆಳೆಗೆ ನೈವೇದ್ಯ ಎರಚಿ ಚರಗ ಚೆಲ್ಲುವವರ ಹಿಂದೆ ಮಕ್ಕಳ ಜೊತೆ ತಾವೂ ಕೂಗುತ್ತ ನಡೆಯುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ. ಆ ಮಗ್ಗುಲು ಪುಸ್ತಕದ ಮುಂದೆಯೂ ಏಕೆ ಸಿಗಬಾರದು ಎಂಬುದೊಂದೇ ನನ್ನ ಕೇಳಿಕೆ.

ಪುಸ್ತಕಗಳನ್ನೂ ಗಂಟೆಯನ್ನೂ ಅವ್ವನ ಬಳಿಯೇ ಬಿಟ್ಟು ಬಂದೆ. ಎ ಬಿ ಸಿ ಡಿ ಕೇಳಿದಾಕೆಯ ಮಗ ಸಂಜೆಯಾದರೆ ಅಕ್ಕನ ಕೈ ಹಿಡಿದುಕೊಂಡು ಬಂದು "ಗಂಟಿ ಎತ್ತಿನ್ದು ಕೊಡ್ರಿ" ಎನ್ನುತ್ತಾನಂತೆ. ಆಕೆ ಇನ್ನೂ ಬಂದಿಲ್ಲ. ಹೋಳಿಯ ನಂತರ ಶರಣಬಸಪ್ಪನ ಜಾತ್ರೆಗೆ ಹೋಗುವವಳಿದ್ದೇನೆ. ಈ ಸಲದ ವಿಷಯ ತೇರು. ಎರಡು ಪುಸ್ತಕ ಸಿಕ್ಕಿವೆ, ಮೂರನೆಯದನ್ನು ಹುಡುಕುತ್ತಿದ್ದೇನೆ. ಜಾತ್ರೆಯ ವಾರ ನಮ್ಮ ಗಲ್ಲಿಗೆ ನಳ ಯಾವ ದಿನ ಬರುತ್ತದೆಂದು ಅವ್ವ ಕೇಳಿ ತಿಳಿಸುತ್ತಾಳೆ. ಆ ಒಂದು ದಿನ ಬಿಟ್ಟು ಮಿಕ್ಕ ಯಾವ ಸಂಜೆಯಾದರೂ ಸರಿ ಎಂದು ಹೇಳಿದ್ದೇನೆ.