ಮಡಿಕೇರಿಯಲ್ಲಿ ಒಂದು ಬಾಡಿಗೆ ಮನೆ ಬೇಕು

ನಿನ್ನೆ ರಾತ್ರಿ ಮಡಿಕೇರಿಯಿಂದ ವಾಪಸ್ ಬಂದೆ. ಬಟ್ಟೆ ಇನ್ನೂ ಒದ್ದೆ, ಬ್ಯಾಗ್ ಬಿಚ್ಚಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಈವತ್ತೂ ನಿದ್ದೆ ಬರುವುದಿಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತು, 2006ರಿಂದ 2013ರವರೆಗೆ ನಾವು ಅಲ್ಲಿದ್ದೆವು. ದೇಚೂರಿನ ಇಳಿಜಾರಿನಲ್ಲಿ ಒಂದು ಹಂಚಿನ ಮನೆ. ಕೆಳಗೆ ಓನರ್ ಅಮ್ಮ, ಮೇಲೆ ನಾವು. ಮಗ ಆ ಮರದ ಅಟ್ಟದ ಮೇಲೇ ನಡೆಯಲು ಕಲಿತ. ಆಗ ಕೋಟೆಯೊಳಗಿನ ಅರಮನೆಯಲ್ಲಿ ಸರ್ಕಾರಿ ಕಚೇರಿಗಳಿದ್ದವು. ನಾನು ದಿನಾ ಕೊಡೆ ಹಿಡಿದು, ಅಲ್ಲಿನ ಆ ಎರಡು ಆನೆ ಪ್ರತಿಮೆಗಳ ಮುಂದೆ ಹಾದು ಕೆಲಸಕ್ಕೆ ಹೋಗುತ್ತಿದ್ದೆ. ದಾವಣಗೆರೆಗೆ ವರ್ಗ ಆದ ಮೇಲೆ ಒಮ್ಮೆಯೂ ಹೋಗಲು ಆಗಿರಲಿಲ್ಲ. ಈ ಸಲ ಮೂರು ದಿನ ಬಿಡುವು ಮಾಡಿಕೊಂಡೆವು. ಶುಕ್ರವಾರದ ಸಂತೆಯೂ ಸಿಗಬೇಕು, ಆಗಸ್ಟ್ 3ರ ಕಕ್ಕಡ ಹದಿನೆಂಟೂ (ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಪಾಯಸ ಮಾಡುವ ದಿನ) ಸಿಗಬೇಕು ಅಂತ ಲೆಕ್ಕ ಹಾಕಿಯೇ ಹೋಗಿದ್ದು.

ಉಳಿಯಲು ಜಾಗ ಹುಡುಕುವಾಗ ಮೊಬೈಲಿನಲ್ಲಿ ಒಂದು ಫೋಟೋ ಬಂತು. ಕಿಟಕಿ ನೋಡಿಯೇ ಗೊತ್ತಾಯಿತು. ನಮ್ಮ ಅಡುಗೆಮನೆಯ ಕಿಟಕಿ. ಕೆಳಗಿನ ಹಲಗೆಯಲ್ಲಿ ಮಗ ಮೊಳೆಯಿಂದ ಕೊರೆದ ಗೀರು ಹಾಗೇ ಇತ್ತು. ನಮ್ಮ ಮನೆ ಈಗ ಹೋಂಸ್ಟೇ. ಒಂದು ರಾತ್ರಿಗೆ ಇಷ್ಟು ಅಂತ ದುಡ್ಡು ಕಟ್ಟಿ, ಏಳು ವರ್ಷ ಅನ್ನ ಬೇಯಿಸಿದ ಮನೆಯಲ್ಲಿ ಮೂರು ದಿನ ಮಲಗಿ ಬಂದೆ. ಒಲೆ ಇದ್ದ ಕಟ್ಟೆಯ ಮೇಲೆ ಈಗ ಒಂದು ಕರೆಂಟ್ ಕೆಟಲ್, ನಾಲ್ಕು ಕಪ್ಪು. ಮಳೆಗಾಲದಲ್ಲಿ ಅಗ್ಗಿಷ್ಟಿಕೆ ಇಟ್ಟು ಮಗುವಿನ ಬಟ್ಟೆ ಒಣಗಿಸುತ್ತಿದ್ದ ಮೂಲೆಯಲ್ಲಿ ದೊಡ್ಡ ಟಿವಿ.

ಮನೆ ಚೆನ್ನಾಗಿಟ್ಟಿದ್ದಾರೆ. ಅದಲ್ಲ ನನ್ನ ಸಂಕಟ. ಆ ಬೀದಿಯಲ್ಲಿ ಮೊದಲ ಹನ್ನೊಂದು ಮನೆ ಎಣಿಸಿದೆ. ಆರರ ಮುಂದೆ ಹೋಂಸ್ಟೇ ಬೋರ್ಡ್ ಇತ್ತು. ಬಾಡಿಗೆಗೆ ಮನೆ ಇದೆ ಅನ್ನುವ ಬೋರ್ಡ್ ಒಂದೂ ಇಲ್ಲ. ನಾವಿದ್ದಾಗ ಆ ಮನೆಗಳಲ್ಲಿ ಯಾರ‍್ಯಾರು ಇದ್ದರು! ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ನರ್ಸ್, ಬಸ್ ಕಂಡಕ್ಟರ್ ಕುಟುಂಬ, ಬ್ಯಾಂಕಿನ ಹುಡುಗರು ಮೂವರು. ಬೆಳಗ್ಗೆ ಎದ್ದರೆ ಎಲ್ಲರ ಕೈಯಲ್ಲೂ ‘ಶಕ್ತಿ’ ಪೇಪರ್. ನಿನ್ನೆ ಎಷ್ಟು ಇಂಚು ಮಳೆ ಬಂತು ಅಂತ ಮೊದಲು ನೋಡೋದು, ಆಮೇಲೆ ಬೇರೆ ಸುದ್ದಿ. ಶಾಲೆಗೆ ರಜೆ ಕೊಟ್ಟರಾ ಅಂತ ಒಂದು ಮನೆಯಿಂದ ಕೂಗಿದರೆ ಮೂರನೇ ಮನೆಯಿಂದ ಉತ್ತರ ಬರುತ್ತಿತ್ತು.

1681ರಲ್ಲಿ ಮುದ್ದುರಾಜ ಕಟ್ಟಿದ ಊರು ಅಂತ ಹೇಳುತ್ತಾರೆ. ಮುದ್ದುರಾಜನ ಕೇರಿ, ಮುದ್ದುರಾಜಕೇರಿ, ಆಡುತ್ತಾ ಆಡುತ್ತಾ ಮಡಿಕೇರಿ. ಕೇರಿ ಅಂದರೆ ಜನ ಬಾಳುವ ಬೀದಿ, ಅಲ್ವಾ? ಬೆಳಗ್ಗೆ ನೀರು ಹಿಡಿಯುವವರು, ಸಂಜೆ ದೀಪ ಹಚ್ಚುವವರು ಇದ್ದರೆ ಅದು ಕೇರಿ. ಶುಕ್ರವಾರ ರಾತ್ರಿ ಆ ಬೀದಿಯಲ್ಲಿ ಕಾರುಗಳಿದ್ದವು, ದೀಪಗಳಿದ್ದವು, ಹಾಡು ಜೋರಾಗಿತ್ತು. ಆದರೆ ಇದ್ದವರಲ್ಲಿ ಯಾರಿಗೂ ಪಕ್ಕದ ಮನೆಯವರ ಹೆಸರು ಗೊತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಬಸ್‌ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುವಾಗ ಒಬ್ಬ ಹುಡುಗಿ ಪಕ್ಕದಲ್ಲಿ ಕೂತಳು. ರೇನ್‌ಕೋಟಿನಿಂದ ನೀರು ಸೋರುತ್ತಿತ್ತು. ಗದಗದ ಕಡೆಯವಳು. ಶಾಲೆಗೆ ಹೊಸದಾಗಿ ಬಂದ ಟೀಚರ್. ಮನೆ ಸಿಗದೆ ಕುಶಾಲನಗರದಲ್ಲಿ ರೂಮು ಮಾಡಿದ್ದಾಳೆ. ಹೋಗಿ ಬರಲು ದಿನಾ ಸುಮಾರು 60 ಕಿಲೋಮೀಟರ್. ಗಾಳಿಗೆ ದಾರಿಯಲ್ಲಿ ಮರ ಬಿದ್ದರೆ ಬಸ್ಸು ಅಲ್ಲೇ ನಿಲ್ಲುತ್ತದೆ. “ಅಕ್ಕಾ, ಎಲ್ಲಿ ಕೇಳಿದ್ರೂ ಎಷ್ಟು ದಿನಕ್ಕ ಬೇಕು ಅಂತಾರ. ನನಗ ದಿನಕ್ಕಲ್ಲ, ವರ್ಷಕ್ಕ ಬೇಕು” ಅಂದಳು.

ಈ ಮಾತು ಕೇಳಿದ ಮೇಲೆ ನನಗೆ ಚಹಾ ಇಳಿಯಲಿಲ್ಲ. 2006ರಲ್ಲಿ ನಾನೂ ಹೀಗೇ ಬಂದಿದ್ದೆ. ಮಳೆಗಾಲವೇ. ಸೂಟ್‌ಕೇಸ್ ಹಿಡಿದು ಬೀದಿಯಲ್ಲಿ ನಿಂತಿದ್ದೆ. ಎರಡನೇ ದಿನಕ್ಕೆ ಮನೆ ಸಿಕ್ಕಿತು. ಸಿಕ್ಕಿತು ಅನ್ನೋದಕ್ಕಿಂತ ಓನರ್ ಅಮ್ಮ ಒಳಗೆ ಕರೆದರು. “ಎಂತ ಮಾರಾಯ್ತಿ, ಹೀಗೆ ನೆನೆದು ನಿಂತಿದ್ದೀಯ” ಅಂದರು, ಬಿಸಿ ಕಾಫಿ ಕೊಟ್ಟರು, ಆಮೇಲೆ ಕೀ ಕೊಟ್ಟರು. ಅಡ್ವಾನ್ಸ್ ಮಾತು ಬಂದಿದ್ದು ಮುಂದಿನ ವಾರ.

2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ರಾಜ್ಯದಲ್ಲೇ ಅತಿ ಕಡಿಮೆ ಜನ ಇರುವ ಜಿಲ್ಲೆ. ಇಷ್ಟು ಕಡಿಮೆ ಜನರಿರುವ ಕಡೆ, ಅವರ ಮಕ್ಕಳಿಗೆ ಪಾಠ ಹೇಳಲು ಬಂದ ಒಬ್ಬಳಿಗೆ ಎರಡು ಕೋಣೆಯ ಮನೆ ಇಲ್ಲ ಅಂದರೆ ಹೇಗೆ ಸಹಿಸೋದು?

ನನಗೆ ಬರುವ ಉತ್ತರ ಗೊತ್ತಿದೆ. ಗೆಳತಿಯೊಬ್ಬಳು ಫೋನಿನಲ್ಲಿ ಆಗಲೇ ಹೇಳಿದಳು. ಕಾಫಿ, ಕರಿಮೆಣಸಿನ ಬೆಲೆ ನಂಬಿ ಕೂರಲು ಆಗುತ್ತದಾ? ತೋಟಕ್ಕೆ ಆನೆ ಬರುತ್ತದೆ, ಕೆಲಸಕ್ಕೆ ಜನ ಸಿಗುವುದಿಲ್ಲ, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಹೋಂಸ್ಟೇ ದುಡ್ಡಿನಿಂದ ಎಷ್ಟೋ ಮನೆ ಉಳಿದಿದೆ. ಒಪ್ಪಿದೆ. ಆದರೆ ತೋಟದ ಮನೆಯಲ್ಲಿ ಖಾಲಿ ಬಿದ್ದ ಎರಡು ಕೋಣೆ ಬಿಟ್ಟುಕೊಡೋದು ಬೇರೆ, ಪೇಟೆಯ ಬೀದಿಗೆ ಬೀದಿಯೇ ಖಾಲಿ ಮಾಡೋದು ಬೇರೆ. ಎರಡನ್ನೂ ಒಂದೇ ಮಾತಿನಲ್ಲಿ ಮುಚ್ಚಬೇಡಿ. ದೇಚೂರಿನಲ್ಲಿ, ರಾಣಿಪೇಟೆಯಲ್ಲಿ ಯಾವ ತೋಟ ಇದೆ? ಯಾವ ಆನೆ ಬರುತ್ತದೆ?

ಓನರ್ ಅಮ್ಮನ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ. ಎಂಬತ್ತು ದಾಟಿದೆ. ಎಲ್ಲ ವ್ಯವಹಾರ ಮಗನದು. “ಬಾಡಿಗೆಗೆ ಕೊಟ್ರೆ ತಿಂಗಳಿಗೆ ಬರೋದು ಇದರಲ್ಲಿ ಎರಡು ಶನಿವಾರಕ್ಕೆ ಬರ್ತದೆ ಅಂತಾನೆ. ನಾನೆಂತ ಹೇಳೋದು?” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೋಮವಾರದಿಂದ ಗುರುವಾರದವರೆಗೆ ಮೇಲೆ ಒಂದು ಹೆಜ್ಜೆ ಸದ್ದಿಲ್ಲ. ಕರೆಂಟೂ ಇರೂದಿಲ್ಲ. ನಿನ್ನ ಮಗ ಓಡಾಡ್ತಿದ್ದಾಗ ಬೈತಿದ್ದೆ. ಈಗ ಅದೇ ನೆನಪಾಗ್ತದೆ” ಅಂದರು.

ಒಂದು ವಿಷಯ ಇಲ್ಲಿ ಹೇಳಲೇಬೇಕು, ಇದುವರೆಗೆ ಯಾರಿಗೂ ಹೇಳಿಲ್ಲ. 2018ರ ಆಗಸ್ಟ್ ನೆನಪಿದೆಯಲ್ಲ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಜಾರಿದವು. ಮಂಗಳೂರು ರಸ್ತೆಯೇ ಕೊಚ್ಚಿಹೋಯಿತು. ಮಡಿಕೇರಿ ಪೇಟೆಯೊಳಗೂ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಮನೆಗಳು ಬಿದ್ದವು. ಆ ರಾತ್ರಿ ಓನರ್ ಅಮ್ಮ ನನಗೆ ಫೋನ್ ಮಾಡಿದ್ದರು. ಹಿತ್ತಲ ಮಣ್ಣಿನ ಬರೆ ಜಾರುವ ಸದ್ದು ಕೇಳ್ತಾ ಉಂಟು, ಮೇಲೆ ಯಾರೂ ಇಲ್ಲ, ಒಬ್ಬಳೇ ಇದ್ದೇನೆ ಅಂದರು. ಧೈರ್ಯ ಹೇಳಿದೆ. ಫೋನ್ ಇಟ್ಟು ಮಲಗಿದೆ, ನಿದ್ದೆಯೂ ಬಂತು. ಮಾರನೇ ದಿನ ಹೊರಟು ಹೋಗಬಹುದಿತ್ತು, ಹೋಗಲಿಲ್ಲ. ಏಳು ವರ್ಷ ನನ್ನ ಮಗುವನ್ನು ನೋಡಿಕೊಂಡವರು ಅವರು.

ಆ ಬೀದಿಯಲ್ಲಿ ಮೇಷ್ಟ್ರು, ನರ್ಸ್, ಕಂಡಕ್ಟರ್ ಇದ್ದಿದ್ದರೆ ಅಮ್ಮ ಅಷ್ಟು ದೂರಕ್ಕೆ ಫೋನ್ ಮಾಡಬೇಕಿರಲಿಲ್ಲ. ಪಕ್ಕದ ಬಾಗಿಲು ತಟ್ಟುತ್ತಿದ್ದರು. ಮಳೆ ನೋಡಲು ಬರುವವರು ರೆಡ್ ಅಲರ್ಟ್ ಅಂದ ಕೂಡಲೇ ಬುಕಿಂಗ್ ಕ್ಯಾನ್ಸಲ್ ಮಾಡುತ್ತಾರೆ. ಮಾಡಲೇಬೇಕು, ಅದು ಸರಿ. ಉಳಿಯುವುದು ಅಮ್ಮನಂಥವರು ಮಾತ್ರ. ಮನೆಗಳನ್ನೆಲ್ಲ ಬಂದು ಹೋಗುವವರಿಗೇ ಇಟ್ಟರೆ, ಗುಡ್ಡ ಜಾರುವ ರಾತ್ರಿ ಅವರ ಜೊತೆ ಯಾರಿರುತ್ತಾರೆ?

ಭಾನುವಾರ ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಸಂತೆಯಿಂದ ನಾನೇ ಕಟ್ಟು ತಂದು ಕೊಟ್ಟಿದ್ದೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ, ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು. ಕಕ್ಕಡದ ಹದಿನೆಂಟನೇ ದಿನ ಆ ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಯ ಗುಣ ಬರುತ್ತದೆ ಅಂತ ನಂಬಿಕೆ. ಆ ವಾಸನೆ ಮೂಗಿಗೆ ಬಡಿದಾಗ ಅಳು ತಡೆಯಲು ಆಗಲಿಲ್ಲ. ಪಾಯಸ ಕುಡಿಯುತ್ತಲೇ ಆ ಟೀಚರ್ ವಿಷಯ ಹೇಳಿದೆ. “ಮಗನ ಹತ್ರ ಕೇಳಿ ನೋಡ್ತೇನೆ. ಹುಡುಗಿ ಆದ್ರೆ ಒಳ್ಳೇದೇ, ಕೆಳಗಿನ ಹಿಂದಿನ ಕೋಣೆಯಾದ್ರೂ ಕೊಡುವ” ಅಂದರು. ಮಗ ಏನು ಹೇಳುತ್ತಾನೋ ಗೊತ್ತಿಲ್ಲ. ಅದನ್ನೇ ನಂಬಿ ಕೂರುವುದಿಲ್ಲ.

ಮಡಿಕೇರಿಯ ಗೆಳೆಯರೇ, ಹಳೇ ಆಫೀಸಿನವರೇ, ನಿಮ್ಮ ಗಮನದಲ್ಲಿ ಎರಡು ಕೋಣೆಯ ಮನೆ ಇದ್ದರೆ ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ಮಹದೇವಪೇಟೆ, ಗಣಪತಿ ಬೀದಿ, ಗಾಳಿಬೀಡು ರಸ್ತೆ, ಎಲ್ಲಾದರೂ ಸರಿ. ಬಚ್ಚಲಲ್ಲಿ ಬಿಸಿನೀರಿನ ಒಲೆ ಇದ್ದರೆ ಸಾಕು. ಒಬ್ಬಳೇ ಇರುತ್ತಾಳೆ, ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಬಾಡಿಗೆ ತಿಂಗಳ 5ನೇ ತಾರೀಕಿನೊಳಗೆ ಬರುತ್ತದೆ, ಅದಕ್ಕೆ ನಾನು ಜವಾಬ್ದಾರಿ.